ಗದ್ದದ ಕೂದಲು, ಲೇಸರ್ ಬೆಳಕು

ಕಡ್ಲೆಕಾಯಿ ಬಿಡಿಸ್ತಾ ಕೂತಿದ್ದಾಗ ಅಕ್ಕನ ಮಗಳು ಬಂದು ಪಕ್ಕದಲ್ಲಿ ಕೂತಳು. ಹಿಂದೂಪುರದಲ್ಲಿ ಡಿಗ್ರಿ ಓದೋ ಹುಡುಗಿ. ದುಪಟ್ಟಾದಿಂದ ಗದ್ದ ಮುಚ್ಚಿಕೊಂಡೇ, "ಮಾವಾ, ಹದಿನಾರು ಸಾವಿರ ಬೇಕಿತ್ತು, ಅಮ್ಮಂಗೆ ಹೇಳ್ಬೇಡ" ಅಂದಳು. ಯಾಕಮ್ಮಾ ಅಂದರೆ, "ಲೇಸರ್ ಮಾಡಿಸ್ಕಬೇಕು" ಅಂದಳು.

ಮಡಕಶಿರಾ ಬಸ್ಸಿನಲ್ಲಿ ಯಾರೋ ಹುಡುಗರು ಅವಳನ್ನು ನೋಡಿ "ಗಡ್ಡಂ" ಅಂತ ನಕ್ಕರಂತೆ. ತೆಲುಗಿನಲ್ಲಿ ಗದ್ದಕ್ಕೂ ಗಡ್ಡಕ್ಕೂ ಅದೊಂದೇ ಮಾತು. ಕನ್ನಡದಲ್ಲಿ ಒಂದಕ್ಷರದ ಅಂತರವಿದೆ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಅದು ಇಷ್ಟು ದಿನ ಬರೀ ಚಮತ್ಕಾರವಾಗಿತ್ತು. ಆ ಹುಡುಗಿಗೆ ಅದೇ ಮುಳ್ಳಾಗಿತ್ತು.

ಅವಳ ಕೈಯಲ್ಲಿ ಪೇಟೆಯ ಒಂದು ಪಾರ್ಲರಿನ ಕರಪತ್ರವಿತ್ತು. ಎಂಟು ಸಲ ಬಂದರೆ ಸಾಕು, ಜನ್ಮದಲ್ಲಿ ಮತ್ತೆ ಬರೋದಿಲ್ಲ ಅಂತ ಬರೆದಿತ್ತು. ದುಡ್ಡು ಕೊಡೋಣ, ಆದರೆ ಬೀಜ ತರೋಕೆ ಮುಂಚೆ ಮಣ್ಣು ನೋಡಬೇಕಲ್ಲ ಅಂತ ಅವಳನ್ನು ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಮೊದಲು ಕೇಳಿದ್ದು ಕೂದಲಿನ ವಿಷಯವಲ್ಲ, ತಿಂಗಳ ಮುಟ್ಟಿನ ವಿಷಯ. ನಾನು ಎದ್ದು ಹೊರಗೆ ಬಂದೆ. ರಕ್ತಪರೀಕ್ಷೆ, ಸ್ಕ್ಯಾನ್ ಆದ ಮೇಲೆ ಗೊತ್ತಾಯಿತು: ಪಿಸಿಓಎಸ್ ಎಂಬ ತೊಂದರೆ. ಇದರಲ್ಲಿ ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು ಹೆಣ್ಣುಮಕ್ಕಳಲ್ಲೂ ಏರುತ್ತದೆ. ಮುಟ್ಟು ತಪ್ಪುತ್ತದೆ, ಮೊಡವೆ ಬರುತ್ತದೆ, ಗದ್ದ, ತುಟಿಯ ಮೇಲೆ ದಪ್ಪ ಕೂದಲು ಹುಟ್ಟುತ್ತದೆ. ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇರುವಂಥದ್ದು. ಮುಂದೆ ಸಕ್ಕರೆ ಕಾಯಿಲೆಗೂ ಇದು ದಾರಿ ಮಾಡಬಲ್ಲದು. ಇದನ್ನು ಬಿಟ್ಟು ಬರೀ ಕೂದಲು ಸುಟ್ಟರೆ, ಬದುವಿನ ಗರಿಕೆ ಬಿಟ್ಟು ಹೊಲದ ಗರಿಕೆ ಕಿತ್ತಹಾಗೆ.

ಲೇಸರ್ ಅಂದರೆ ಏನು ಅಂತ ನಾನೂ ಕೇಳಿ ತಿಳಿದುಕೊಂಡೆ. ಕರಿ ಕಂಬಳಿ ಬಿಸಿಲಿಗೆ ಬೇಗ ಕಾಯುತ್ತೆ, ಬಿಳಿ ಪಂಚೆ ಕಾಯೋದಿಲ್ಲ. ಹಾಗೇ ಕೂದಲಿನ ಕಪ್ಪು ಬಣ್ಣ ಬೆಳಕನ್ನು ಹೀರಿ ಕಾಯುತ್ತೆ, ಆ ಕಾವಿಗೆ ಬುಡ ಬೇಯುತ್ತೆ. ಅಕ್ಕಪಕ್ಕ ಸುಡದೆ ಬೇಕಾದ್ದನ್ನು ಮಾತ್ರ ಕಾಯಿಸುವ ಈ ತತ್ತ್ವವನ್ನು 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಇಬ್ಬರು ವೈದ್ಯರು ಬರೆದರು. 1990ರ ದಶಕದಲ್ಲಿ ಅದು ಕೂದಲಿನ ಚಿಕಿತ್ಸೆಗೆ ಬಂತು. ನೆರೆತ ಬಿಳಿ ಕೂದಲಿಗೆ ಇದು ನಾಟುವುದಿಲ್ಲ. ಅದಕ್ಕೆ ಒಂದೊಂದೇ ಬುಡಕ್ಕೆ ಸೂಜಿಯಿಂದ ಕರೆಂಟು ಹಾಯಿಸುವ ಎಲೆಕ್ಟ್ರಾಲಿಸಿಸ್ ಇದೆ.

ತೊಡಕು ಇರುವುದು ಇಲ್ಲಿ. ನಮ್ಮದು ಬಿಸಿಲಲ್ಲಿ ಕಂದಿದ ಮೈ. ಚರ್ಮದಲ್ಲೂ ಅದೇ ಕಪ್ಪು ಇರುವುದರಿಂದ ಅದೂ ಬೆಳಕು ಹೀರುತ್ತೆ. ತಪ್ಪು ಯಂತ್ರ, ಹೆಚ್ಚು ಶಕ್ತಿ ಆದರೆ ಬೊಬ್ಬೆ ಏಳುತ್ತೆ, ಕಲೆ ಉಳಿಯುತ್ತೆ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಕ್ಷೇಮ. 755ರ ಅಲೆಕ್ಸಾಂಡ್ರೈಟ್ ಬಿಳಿ ಚರ್ಮದವರಿಗೆ ಹೊಂದುವುದು. ಆದ್ದರಿಂದ ಯಂತ್ರ ಯಾವುದು, ಹಿಡಿಯುವ ಕೈ ಯಾರದು, ಮೊದಲು ಸ್ವಲ್ಪ ಜಾಗದಲ್ಲಿ ಪರೀಕ್ಷೆ ಮಾಡ್ತೀರಾ ಅಂತ ಕೇಳದೆ ಮುಖ ಒಡ್ಡಬಾರದು.

ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಬೆಳೆಯುತ್ತಿರುವ ಕೂದಲಿಗೆ ಮಾತ್ರ ಪೆಟ್ಟು. ನಿದ್ದೆ ಮಾಡುತ್ತಿರುವುದು ಆಮೇಲೆ ಏಳುತ್ತದೆ. ಮೊದಲ ಕಳೆ ತೆಗೆದ ಮೇಲೆ ಎರಡನೇ ಕಳೆ ಬರುವುದಿಲ್ಲವೇ? ಮುಖಕ್ಕಾದರೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರೆಂಟು ಸಲ ಬೇಕು. ಕೂದಲು ಬಹಳ ಕಮ್ಮಿಯಾಗುತ್ತದೆ, ಸಣ್ಣಗಾಗುತ್ತದೆ, ಪೂರಾ ಹೋಗುತ್ತದೆಂಬ ಭರವಸೆ ಇಲ್ಲ. ಹಾರ್ಮೋನು ಏರಿದವರಿಗೆ ಮತ್ತೆ ಬರಲೂಬಹುದು. ಅಪರೂಪಕ್ಕೆ ಲೇಸರ್ ಬಿದ್ದ ಸುತ್ತಮುತ್ತಲೇ ಕೂದಲು ಹೆಚ್ಚುವುದೂ ಉಂಟು. ಚಿಕಿತ್ಸೆಯ ದಿನಗಳಲ್ಲಿ ದಾರ ಹಾಕಿ ಕೀಳಬಾರದು, ವ್ಯಾಕ್ಸ್ ಮಾಡಬಾರದು. ಬುಡವೇ ಇಲ್ಲದಿದ್ದರೆ ಬೆಳಕಿಗೆ ಗುರಿ ಎಲ್ಲಿ? ಬೋಳಿಸಬಹುದು. ಬೋಳಿಸಿದರೆ ದಪ್ಪ ಬರುತ್ತೆ ಎಂಬುದು ಸುಳ್ಳು. ಬಿಸಿಲಿಗೆ ಹೋಗಬಾರದು, ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು. ಬಸುರಿಯರು ಸದ್ಯಕ್ಕೆ ಮುಂದೂಡುವುದು ಮೇಲು.

ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿ ಅಂದಳು: "ಮೊದ್ಲು ಮಾತ್ರೆ ತಗಂತೀನಿ ಮಾವಾ. ಆಮೇಲೆ ನೋಡಾನ." ಮನೆಗೆ ಬಂದು ಅಮ್ಮನಿಗೂ ತಾನೇ ಹೇಳಿದಳು. ಅಕ್ಕ ಅತ್ತಳು, "ಇಷ್ಟು ದಿನ ಯಾಕೆ ಹೇಳ್ಳಿಲ್ಲ" ಅಂದಳು. ಗಂಡಿನ ಕಡೆಯವರು ಬರ್ತಾರೆ, ಮುಖ ಚೆನ್ನಾಗಿ ತೊಳ್ಕೊ ಅಂತ ದಿನಾ ಅನ್ನುತ್ತಿದ್ದವಳೂ ಅವಳೇ.

ಕಡ್ಲೆಕಾಯಿ ಮಾರಿದ ದುಡ್ಡಿನಲ್ಲಿ ಹದಿನಾರು ಸಾವಿರ ಬೇರೆ ಎತ್ತಿಟ್ಟಿದ್ದೇನೆ. ಮಾಡಿಸಿಕೊಳ್ಳುವುದೋ ಬಿಡುವುದೋ ಅವಳಿಷ್ಟ, ಮುಖ ಅವಳದು. ಬಸ್ಸಿನಲ್ಲಿ ನಕ್ಕ ಹುಡುಗರು ಮಾತ್ರ ಬೇರೆ ಊರವರಲ್ಲ, ನಮ್ಮ ನಿಮ್ಮ ಮನೆಯವರೇ. ಆ ನಗುವಿಗೆ ಯಾವ ಲೇಸರೂ ಇಲ್ಲ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ, ನಾವೇ ಕೂರಿಸಿಕೊಂಡು ಬುದ್ಧಿ ಹೇಳಬೇಕು.