ಘಾಟಿಯ ಇಳಿಜಾರಿನಲ್ಲಿ ಡೀಸೆಲ್ ಸರಕು ವ್ಯಾನು

ಸರಕು ಹೊತ್ತ ವಾಹನವು ಘಾಟಿಯನ್ನು ಹತ್ತುವಾಗ ಚಾಲಕನ ಗಮನವೆಲ್ಲ ಎಂಜಿನ್ನಿನ ಮೇಲಿರುತ್ತದೆ. ಇಳಿಯುವಾಗ ಎಂಜಿನ್ನಿಗೆ ಕೆಲಸವಿಲ್ಲವೆಂಬ ಭಾವನೆ ಸಾಮಾನ್ಯವಾದುದು. ಈ ಭಾವನೆಯ ಫಲವಾಗಿ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೆಲವೊಮ್ಮೆ ಎಂಜಿನ್ನನ್ನೇ ನಿಲ್ಲಿಸಿ, ಬ್ರೇಕೊಂದನ್ನೇ ನಂಬಿ ಇಳಿಯುವ ರೂಢಿ ಡೀಸೆಲ್ ಉಳಿತಾಯದ ಹೆಸರಿನಲ್ಲಿ ಬೆಳೆದುಬಂದಿದೆ. ಈ ರೂಢಿಯಲ್ಲಿ ಸುರಕ್ಷೆಯೂ ಇಲ್ಲ, ಉಳಿತಾಯವೂ ಇಲ್ಲ. ಇದನ್ನು ಭೌತಶಾಸ್ತ್ರದ ಸರಳವಾದ ಲೆಕ್ಕದಿಂದ ತೋರಿಸುವುದೂ, ಆ ಲೆಕ್ಕದಿಂದಲೇ ವಾಹನದ ಪೋಷಣೆಯ ನಿಯಮಗಳನ್ನು ವಿಶದಪಡಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

1. ಇಳಿಜಾರು ಕೊಡುವ ಶಕ್ತಿ

ಮಲೆನಾಡನ್ನೂ ಕರಾವಳಿಯನ್ನೂ ಕೂಡಿಸುವ ರಸ್ತೆಗಳೆಲ್ಲ ಪಶ್ಚಿಮ ಘಟ್ಟಗಳನ್ನು ದಾಟಬೇಕು. ಸಕಲೇಶಪುರದ ಕಡೆಯಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿ, ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ, ಸೋಮೇಶ್ವರಕ್ಕೆ ಇಳಿಯುವ ಆಗುಂಬೆ ಘಾಟಿಗಳು ಎಲ್ಲರಿಗೂ ಪರಿಚಿತವಾದವು. ಲೆಕ್ಕದ ಸೌಕರ್ಯಕ್ಕಾಗಿ 15 ಕಿಲೋಮೀಟರು ಉದ್ದದ, 600 ಮೀಟರು ಇಳಿತದ ಒಂದು ರಸ್ತೆಯನ್ನು ಭಾವಿಸಿಕೊಳ್ಳೋಣ. ವ್ಯಾನಿನ ಒಟ್ಟು ತೂಕ, ಸರಕೂ ಸೇರಿ, 3500 ಕಿಲೋಗ್ರಾಂ ಆಗಿರಲಿ. ನಮ್ಮ ದೇಶದ ವಾಹನ ನಿಯಮಗಳಲ್ಲಿ ಸರಕು ವಾಹನಗಳ ಮೊದಲನೆಯ ವರ್ಗದ ಮೇಲ್ಮಿತಿ ಇದೇ ಆಗಿದೆ.

ಮೇಲಿನಿಂದ ಕೆಳಕ್ಕೆ ಬರುವಷ್ಟರಲ್ಲಿ ಈ ವ್ಯಾನು ಕಳೆದುಕೊಳ್ಳುವ ಪ್ರಚ್ಛನ್ನಶಕ್ತಿ 3500 × 9.8 × 600, ಎಂದರೆ ಸುಮಾರು 206 ಲಕ್ಷ ಜೂಲುಗಳು. ಇಷ್ಟು ಶಕ್ತಿಯಿಂದ ಸುಮಾರು 65 ಲೀಟರು ನೀರನ್ನು 25 ಡಿಗ್ರಿ ಸೆಲ್ಸಿಯಸಿನಿಂದ ಕುದಿಯುವ ಮಟ್ಟಕ್ಕೆ ತರಬಹುದು. ಕೆಳಗೆ ಬಂದ ಮೇಲೆ ವ್ಯಾನಿನ ವೇಗ ಮೊದಲಿನಷ್ಟೇ ಇರಬೇಕಾದರೆ ಈ ಶಕ್ತಿಯೆಲ್ಲವೂ ದಾರಿಯಲ್ಲಿ ಉಷ್ಣವಾಗಿ ವ್ಯಯವಾಗಲೇಬೇಕು. ಶಕ್ತಿ ನಾಶವಾಗುವುದಿಲ್ಲ, ಅದು ಎಲ್ಲಿ ಉಷ್ಣವಾಗಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಮಾತ್ರ ಚಾಲಕನಿಗಿದೆ.

ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಟೈರುಗಳ ಉರುಳುವಿಕೆಯೂ ಗಾಳಿಯ ತಡೆಯೂ ಕೂಡಿ ಈ ಶಕ್ತಿಯ ಸುಮಾರು ಮೂರನೆಯ ಒಂದು ಭಾಗವನ್ನು ಹೀರಿಕೊಳ್ಳುತ್ತವೆ. ಉಳಿದ 137 ಲಕ್ಷ ಜೂಲುಗಳನ್ನು ಎಂಜಿನ್ನು ಮತ್ತು ಬ್ರೇಕು ಹಂಚಿಕೊಳ್ಳಬೇಕು. ಎಂಜಿನ್ನು ತನ್ನ ಪಾಲನ್ನು ವಹಿಸಿಕೊಳ್ಳದಿದ್ದರೆ ಏನಾಗುತ್ತದೆ? ನಾಲ್ಕು ಚಕ್ರಗಳ ಬ್ರೇಕಿನಲ್ಲಿರುವ ಎರಕದ ಕಬ್ಬಿಣ ಒಟ್ಟು 50 ಕಿಲೋಗ್ರಾಂ ಎಂದೂ, ಅದರ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ 480 ಜೂಲು ಎಂದೂ ಹಿಡಿದರೆ, ಗಾಳಿಗೆ ಹೋಗುವ ಉಷ್ಣವನ್ನು ಬಿಟ್ಟು, ಉಷ್ಣತೆ ಸುಮಾರು 570 ಡಿಗ್ರಿಗಳಷ್ಟು ಏರಬೇಕಾಗುತ್ತದೆ. ವಾಸ್ತವದಲ್ಲಿ ಗಾಳಿಯು ಒಂದು ಭಾಗವನ್ನು ಒಯ್ಯುತ್ತದೆ, ನಿಜ. ಆದರೆ ವೇಗ ಹೆಚ್ಚಿದಷ್ಟೂ ಇಳಿಯುವ ಕಾಲ ಕಡಮೆಯಾಗಿ, ಉಷ್ಣವು ಹೊರಹೋಗಲು ಸಮಯವೇ ದೊರೆಯುವುದಿಲ್ಲ.

2. ಡೀಸೆಲ್ ಎಂಜಿನ್ನಿನ ವಿಶೇಷ

ರುಡಾಲ್ಫ್ ಡೀಸೆಲನು ತನ್ನ ಎಂಜಿನ್ನನ್ನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು. ಅದರ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನೇಳನೆಯ ಒಂದು ಗಾತ್ರಕ್ಕೆ ಒತ್ತುತ್ತದೆ. ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಆಗ ಸೂಕ್ಷ್ಮ ತುಂತುರಾಗಿ ಸಿಡಿಸಿದ ಡೀಸೆಲು ಕಿಡಿಯ ನೆರವಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಗಾಳಿಯ ದಾರಿಯಲ್ಲಿರುವ ಕವಾಟವನ್ನು ತೆರೆದು ಮುಚ್ಚಿ ಶಕ್ತಿಯನ್ನು ನಿಯಂತ್ರಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಯದೆ, ಇಂಧನದ ಪ್ರಮಾಣವನ್ನು ಮಾತ್ರ ಹೆಚ್ಚು ಕಡಮೆ ಮಾಡುತ್ತಾರೆ. ಇಂದಿನ ಕೆಲವು ಡೀಸೆಲ್ ಎಂಜಿನ್ನುಗಳಲ್ಲಿಯೂ ಅಂಥ ಕವಾಟವಿರುವುದುಂಟು. ಆದರೆ ಅದರ ಕೆಲಸ ಬೇರೆ. ಈ ಒಂದು ವ್ಯತ್ಯಾಸದಿಂದ ನಾಲ್ಕು ಪರಿಣಾಮಗಳು ಒದಗುತ್ತವೆ.

ಮೊದಲನೆಯದು: ಪೆಟ್ರೋಲ್ ಎಂಜಿನ್ನು ಮುಚ್ಚಿದ ಕವಾಟದ ಹಿಂದೆ ಗಾಳಿಯನ್ನು ಎಳೆಯಲು ಶ್ರಮಿಸಬೇಕಾಗಿ ಅದರಿಂದ ವಾಹನಕ್ಕೆ ತಡೆಯುಂಟಾಗುತ್ತದೆ. ಡೀಸೆಲಿನಲ್ಲಿ ಈ ತಡೆಯಿಲ್ಲ. ಒತ್ತಿದ ಗಾಳಿಯು ಸ್ಪ್ರಿಂಗಿನಂತೆ ಹಿಗ್ಗಿ, ಪಡೆದ ಶಕ್ತಿಯ ಬಹುಭಾಗವನ್ನು ಹಿಂದಿರುಗಿಸುತ್ತದೆ. ಆದುದರಿಂದ ಕಡಮೆ ಸುತ್ತಿನಲ್ಲಿ ಡೀಸೆಲ್ ಎಂಜಿನ್ನಿನ ತಡೆಯುವ ಶಕ್ತಿ ಅಲ್ಪ. ದೊಡ್ಡ ಲಾರಿಗಳಲ್ಲಿ ಈ ಕೊರತೆಯನ್ನು ತುಂಬಲು ಹೊಗೆಯ ದಾರಿಯನ್ನು ಮುಚ್ಚುವ ಎಕ್ಸಾಸ್ಟ್ ಬ್ರೇಕನ್ನು ಅಳವಡಿಸುವುದುಂಟು. ಚಿಕ್ಕ ವ್ಯಾನುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಎಂಜಿನ್ನು ತಡೆಯಬೇಕಾದರೆ ಅದು ಹೆಚ್ಚು ಸುತ್ತು ತಿರುಗಬೇಕು, ಎಂದರೆ ಕೆಳಗಿನ ಗೇರು ಬೇಕು. 2.5 ಲೀಟರಿನ ಎಂಜಿನ್ನಿನಲ್ಲಿ ಘರ್ಷಣೆ ಮೊದಲಾದ ನಷ್ಟಗಳ ಸರಾಸರಿ ಒತ್ತಡವನ್ನು 2 ಬಾರ್ ಎಂದು ಹಿಡಿದರೆ, ಅದು ನಿಮಿಷಕ್ಕೆ 2500 ಸುತ್ತಿನಲ್ಲಿ ಸುಮಾರು 10 ಕಿಲೋವ್ಯಾಟುಗಳನ್ನು ನುಂಗುತ್ತದೆ. ನಮ್ಮ ಉದಾಹರಣೆಯಲ್ಲಿ ಅರ್ಧ ಗಂಟೆಯ ಇಳಿತಕ್ಕೆ ಬೇಕಾದುದು ಸುಮಾರು 7.6 ಕಿಲೋವ್ಯಾಟು ಮಾತ್ರ. ಕೆಳಗಿನ ಗೇರಿನಲ್ಲಿ ಎಂಜಿನ್ನೊಂದೇ ಬಹುಮಟ್ಟಿಗೆ ಈ ಭಾರವನ್ನು ಹೊರಬಲ್ಲುದು. ಅದೇ ವೇಗದಲ್ಲಿ ಮೇಲಿನ ಗೇರು ಹಾಕಿ ಸುತ್ತು ಮೂರನೆಯ ಒಂದಕ್ಕಿಳಿದರೆ ಎಂಜಿನ್ನಿನ ಪಾಲು ಮೂರೂವರೆ ಕಿಲೋವ್ಯಾಟನ್ನೂ ಮುಟ್ಟುವುದಿಲ್ಲ. ಮಿಕ್ಕುದೆಲ್ಲ ಬ್ರೇಕಿನ ಪಾಲಾಗುತ್ತದೆ.

ಎರಡನೆಯದು: ಗೇರಿನಲ್ಲಿರುವಾಗ ಆಕ್ಸಲರೇಟರಿನಿಂದ ಕಾಲು ತೆಗೆದೊಡನೆ ಇಂಧನದ ಪೂರೈಕೆ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ನಿಲ್ಲದಿರಲು ಒಂದಿಷ್ಟು ಡೀಸೆಲು ಉರಿಯಲೇಬೇಕು. ಹೀಗಿರಲಾಗಿ, ನ್ಯೂಟ್ರಲ್ಲಿನಲ್ಲಿ ಇಳಿದರೆ ಉಳಿತಾಯವೆಂಬ ಮಾತು ತಲೆಕೆಳಗಾದುದು.

ಮೂರನೆಯದು: ಬ್ರೇಕಿನ ಪೆಡಲನ್ನು ಹಗುರಗೊಳಿಸುವ ಸಾಧನ ಇಂಥ ವ್ಯಾನುಗಳಲ್ಲಿ ಸಾಮಾನ್ಯವಾಗಿ ನಿರ್ವಾತದಿಂದ ಕೆಲಸ ಮಾಡುತ್ತದೆ. ಗಾಳಿಯ ದಾರಿಯಲ್ಲಿ ತಡೆಯಿಲ್ಲದ ಡೀಸೆಲ್ ಎಂಜಿನ್ನಿನಲ್ಲಿ ನಿರ್ವಾತವು ತಾನಾಗಿ ಉಂಟಾಗದಿರುವುದರಿಂದ ಎಂಜಿನ್ನಿನಿಂದಲೇ ನಡೆಯುವ ಪ್ರತ್ಯೇಕ ಪಂಪನ್ನು ಇಟ್ಟಿರುತ್ತಾರೆ. ಎಂಜಿನ್ನು ನಿಂತಿತೆಂದರೆ ಪಂಪೂ ನಿಂತಿತು. ಸಂಗ್ರಹದಲ್ಲಿರುವ ನಿರ್ವಾತ ಎರಡು ಮೂರು ಸಲ ಪೆಡಲು ಒತ್ತುವಷ್ಟಕ್ಕೆ ಸಾಕಾದೀತು. ತರುವಾಯ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಪವರ್ ಸ್ಟಿಯರಿಂಗಿನ ನೆರವೂ ತಪ್ಪಬಹುದು. ಕೀಲಿಯನ್ನು ಹೊರತೆಗೆದರಂತೂ ಸ್ಟಿಯರಿಂಗು ಬಿಗಿದುಕೊಳ್ಳುವ ಸಂಭವವಿದೆ.

ನಾಲ್ಕನೆಯದು: ಎಂಜಿನ್ನಿನ ಗರಿಷ್ಠ ಸುತ್ತನ್ನು ಮಿತಿಯಲ್ಲಿಡುವ ಗವರ್ನರು ಇಂಧನವನ್ನು ತಡೆಯಬಲ್ಲುದೇ ಹೊರತು, ಇಳಿಜಾರಿನಲ್ಲಿ ಚಕ್ರಗಳು ಎಂಜಿನ್ನನ್ನು ತಿರುಗಿಸುವುದನ್ನು ತಡೆಯಲಾರದು. ವೇಗವೇರಿದ ಮೇಲೆ ಕೆಳಗಿನ ಗೇರಿಗೆ ಬದಲಿಸಲು ಹೋದರೆ ಗೇರು ಬೀಳದೆ ವಾಹನ ನ್ಯೂಟ್ರಲ್ಲಿನಲ್ಲಿಯೇ ಉಳಿಯಬಹುದು. ಬಿದ್ದರೆ ಎಂಜಿನ್ನು ಮಿತಿಮೀರಿ ತಿರುಗಿ ಒಡೆಯಬಹುದು. ಆದುದರಿಂದ ಗೇರನ್ನು ಆರಿಸುವ ಕಾಲ ಇಳಿಜಾರಿನ ತುದಿಯೇ ಹೊರತು ನಡುವಲ್ಲ. ಹತ್ತುವುದಕ್ಕೆ ಯಾವ ಗೇರು ಬೇಕೋ ಇಳಿಯುವುದಕ್ಕೆ ಅದಕ್ಕಿಂತ ಮೇಲಿನ ಗೇರು ಸಲ್ಲದು.

3. ಬ್ರೇಕು ಸೋಲುವ ಬಗೆ

ಅತಿಯಾಗಿ ಕಾದ ಬ್ರೇಕು ಎರಡು ರೀತಿಯಲ್ಲಿ ಸೋಲುತ್ತದೆ. ಲೈನಿಂಗಿನ ಘರ್ಷಣೆಯ ಗುಣವೇ ಕುಗ್ಗುವುದು ಒಂದು. ಆಗ ಪೆಡಲು ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ವಾಹನ ನಿಲ್ಲುವುದಿಲ್ಲ. ಡ್ರಮ್ ಬ್ರೇಕಿನಲ್ಲಿ ಇದರ ಜೊತೆಗೆ ಡ್ರಮ್ಮು ಉಷ್ಣದಿಂದ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಪೆಡಲು ಹೆಚ್ಚು ಕೆಳಗಿಳಿಯುತ್ತದೆ.

ಎರಡನೆಯ ಬಗೆ ಬ್ರೇಕ್ ಆಯಿಲಿಗೆ ಸಂಬಂಧಪಟ್ಟುದು. ಈ ದ್ರವ ತೇವಾಕರ್ಷಕವಾದುದು. ಗಾಳಿಯಲ್ಲಿನ ನೀರಿನ ಅಂಶವನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ, ನೀರು ಸೇರಿದ ಸ್ಥಿತಿಯಲ್ಲಿ 140 ಡಿಗ್ರಿ. ಡಾಟ್ 4 ದರ್ಜೆಯಲ್ಲಿ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದುದರಿಂದ ಪೆಡಲು ಸ್ಪಂಜಿನಂತಾಗಿ ತಳಮುಟ್ಟುತ್ತದೆ, ಚಕ್ರಕ್ಕೆ ಬಲ ತಲಪುವುದಿಲ್ಲ. ಬಯಲುಸೀಮೆಯ ರಸ್ತೆಯಲ್ಲಿ ವರ್ಷಗಟ್ಟಲೆ ಯಾವ ದೋಷವನ್ನೂ ತೋರದ ಹಳೆಯ ಬ್ರೇಕ್ ಆಯಿಲು ಘಾಟಿಯಲ್ಲಿ ಒಮ್ಮೆಲೇ ಕೈಕೊಡುವುದಕ್ಕೆ ಕಾರಣವಿದು.

ಬ್ರೇಕನ್ನು ಬಳಸುವ ಕ್ರಮವೂ ಮುಖ್ಯ. ಪೆಡಲಿನ ಮೇಲೆ ಸದಾ ಹಗುರವಾಗಿ ಕಾಲಿಟ್ಟುಕೊಂಡು ಇಳಿದರೆ, ಮೊದಲು ತಗಲುವ ಒಂದೆರಡು ಚಕ್ರಗಳ ಬ್ರೇಕೇ ಹೆಚ್ಚಿನ ಹೊರೆಯನ್ನು ಹೊತ್ತು ಉಳಿದವು ತಣ್ಣಗಿರುವ ಸಂಭವವುಂಟು. ವೇಗವು ನಿಶ್ಚಯಿಸಿದ ಮಿತಿಯನ್ನು ಮುಟ್ಟಿದಾಗ ದೃಢವಾಗಿ ಒತ್ತಿ, ಗಂಟೆಗೆ ಸುಮಾರು 10 ಕಿಲೋಮೀಟರು ಇಳಿಸಿ, ಪೆಡಲನ್ನು ಪೂರ್ತಿಯಾಗಿ ಬಿಡಬೇಕು. ಮತ್ತೆ ಮಿತಿ ಮುಟ್ಟಿದಾಗ ಹಾಗೆಯೇ ಮಾಡತಕ್ಕದ್ದು.

4. ಪೋಷಣೆಯ ನಿಯಮಗಳು

ಮೇಲಿನ ವಿವೇಚನೆಯಿಂದ ಪೋಷಣೆಯ ನಿಯಮಗಳು ತಾವಾಗಿಯೇ ಫಲಿಸುತ್ತವೆ. ಬ್ರೇಕ್ ಆಯಿಲಿನ ಮಟ್ಟವನ್ನು ನೋಡಿದರೆ ಸಾಲದು. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅದನ್ನು ಬದಲಾಯಿಸಬೇಕು. ಮುಚ್ಚಳ ತೆರೆದಿಟ್ಟ ಡಬ್ಬಿಯ ಆಯಿಲನ್ನು ಬಳಸಕೂಡದು. ಲೈನಿಂಗು, ನಿರ್ವಾತದ ಕೊಳವೆ, ಬೆಲ್ಟುಗಳನ್ನು ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಬೇಕು. ಟೈರಿನ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಮೆಯಾಗಬಾರದೆಂಬುದು ಕಾನೂನು. ಮಳೆಯ ಘಾಟಿಯಲ್ಲಿ ಅದಕ್ಕಿಂತ ಹೆಚ್ಚು ಇರುವುದು ಕ್ಷೇಮ.

ಡೀಸೆಲಿನ ಶುದ್ಧಿಯೂ ಬ್ರೇಕಿನ ಕ್ಷೇಮಕ್ಕೆ ಸೇರಿದ್ದೇ. ಫಿಲ್ಟರಿನಲ್ಲಿ ನೀರು ನಿಂತರೆ, ಅಥವಾ ಸಡಿಲವಾದ ಕೊಳವೆಯಿಂದ ಗಾಳಿ ಸೇರಿದರೆ, ಎಂಜಿನ್ನು ಅನಿರೀಕ್ಷಿತವಾಗಿ ನಿಲ್ಲಬಹುದು. ಆಗ ನಿರ್ವಾತದ ನೆರವೂ ನಿಲ್ಲುತ್ತದೆ. ಫಿಲ್ಟರಿನ ತಳದ ತಿರುಪಿನಿಂದ ನೀರನ್ನು ಆಗಾಗ ಇಳಿಸಬೇಕು. ಆದರೆ ಇಂಧನದ ಸೋರಿಕೆಯನ್ನು ಕೈಯಿಂದ ತಡವಿ ಹುಡುಕಬಾರದು. ಇಂದಿನ ಎಂಜಿನ್ನುಗಳಲ್ಲಿ ಡೀಸೆಲಿನ ಒತ್ತಡ 1000 ಬಾರ್‌ಗಳನ್ನು ಮೀರುತ್ತದೆ. ಕೂದಲೆಳೆಯಷ್ಟು ಸಣ್ಣ ಧಾರೆ ಚರ್ಮವನ್ನು ಭೇದಿಸಿ ಮಾಂಸದೊಳಕ್ಕೆ ಹೋಗಬಲ್ಲುದು. ಗಾಯ ಸಾಸಿವೆಯಷ್ಟು ಕಂಡರೂ ತತ್‌ಕ್ಷಣ ಆಸ್ಪತ್ರೆಗೆ ಹೋಗಬೇಕು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಕೂಡದು. ಘಾಟಿ ಹತ್ತಿ ಬಂದೊಡನೆ ಎಂಜಿನ್ನನ್ನು ನಿಲ್ಲಿಸದೆ, ಒಂದೆರಡು ನಿಮಿಷ ನಿಧಾನವಾಗಿ ತಿರುಗಲು ಬಿಟ್ಟು ಟರ್ಬೊಚಾರ್ಜರು ತಣಿಯುವಂತೆ ಮಾಡಬೇಕು.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ತರುವಾಯ ಡೀಸೆಲ್ ವ್ಯಾನುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿರುತ್ತದೆ. ಕೂಡಿದ ಮಸಿಯನ್ನು ಅದು ಕಾಲಕಾಲಕ್ಕೆ ಸುಮಾರು 600 ಡಿಗ್ರಿಯ ಉಷ್ಣತೆಯಲ್ಲಿ ಸುಟ್ಟುಹಾಕುತ್ತದೆ. ಆಗ ವ್ಯಾನನ್ನು ಒಣಹುಲ್ಲಿನ ಮೇಲಾಗಲಿ, ಕಣದ ಬಳಿಯಲ್ಲಾಗಲಿ ನಿಲ್ಲಿಸಕೂಡದು. ಊರೊಳಗಿನ ಗಿಡ್ಡ ಸಂಚಾರದಿಂದ ಈ ದಹನ ಅರ್ಧದಲ್ಲಿ ನಿಂತರೆ, ಅದಕ್ಕಾಗಿ ಹೆಚ್ಚಾಗಿ ಸಿಡಿಸಿದ ಡೀಸೆಲು ಎಂಜಿನ್ ಆಯಿಲಿಗೆ ಸೇರುವುದುಂಟು. ಆದುದರಿಂದ ಅಳತೆಕಡ್ಡಿಯಲ್ಲಿ ಆಯಿಲಿನ ಮಟ್ಟ ಇಳಿಯುವುದು ಹೇಗೆ ಕೆಟ್ಟದ್ದೋ ಏರುವುದೂ ಹಾಗೆಯೇ ಕೆಟ್ಟದ್ದು.

5. ಹೊರೆ ಮತ್ತು ಘಾಟಿಯ ನಡತೆ

ಪ್ರಚ್ಛನ್ನಶಕ್ತಿಯು ತೂಕಕ್ಕೆ ನೇರವಾದ ಅನುಪಾತದಲ್ಲಿದೆ. ಒಟ್ಟು ತೂಕ ಐದರಲ್ಲೊಂದು ಪಾಲು ಹೆಚ್ಚಿದರೆ ವ್ಯಯವಾಗಬೇಕಾದ ಶಕ್ತಿಯೂ ಐದರಲ್ಲೊಂದು ಪಾಲು ಹೆಚ್ಚುತ್ತದೆ. ಟೈರು ಮತ್ತು ಗಾಳಿಯ ತಡೆ ಅಷ್ಟು ಹೆಚ್ಚದಿರುವುದರಿಂದ ಬ್ರೇಕಿನ ಮೇಲಿನ ಭಾರ ಅದಕ್ಕೂ ಮಿಗಿಲಾಗುತ್ತದೆ. ಭಾರದ ಸಾಮಾನನ್ನು ತಳದಲ್ಲಿ, ಅಚ್ಚುಗಳ ನಡುವೆ ಇರಿಸಿ, ಜಾರದಂತೆ ಹಗ್ಗದಿಂದ ಬಿಗಿಯಬೇಕು. ಎತ್ತರಕ್ಕೆ ಪೇರಿಸಿದ ಹೊರೆ ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ತಿರುವಿನಲ್ಲಿ ಹೊರಕ್ಕೆಳೆಯುವ ಪರಿಣಾಮ ವೇಗದ ವರ್ಗಕ್ಕೆ ಅನುಗುಣವಾದುದರಿಂದ ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಬೇಕು.

ಸುಟ್ಟ ವಾಸನೆ ಬಂದರೆ, ಅಥವಾ ಪೆಡಲು ಎಂದಿಗಿಂತ ಕೆಳಗಿಳಿದರೆ, ರಸ್ತೆ ಅಗಲವಾದ ಕಡೆ ವ್ಯಾನನ್ನು ನಿಲ್ಲಿಸತಕ್ಕದ್ದು. ಎಂಜಿನ್ನನ್ನು ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಬ್ರೇಕು ಆರುವವರೆಗೆ ಕಾಯಬೇಕು. ಕಾದ ಡ್ರಮ್ಮಿಗೆ ನೀರು ಹೊಯ್ದರೆ ಎರಕದ ಕಬ್ಬಿಣ ಬಿರುಕುಬಿಡಬಹುದು. ಹೊರಡುವಾಗ ಕ್ಲೀನರಾಗಲಿ ಚಾಲಕನಾಗಲಿ ಕಲ್ಲನ್ನು ರಸ್ತೆಯಿಂದ ತೆಗೆದುಹಾಕಬೇಕು. ಕತ್ತಲಲ್ಲಿ ಬರುವ ದ್ವಿಚಕ್ರ ವಾಹನಕ್ಕೆ ಅದು ಮೃತ್ಯುವಾದೀತು.

ಅಧ್ಯಾಪಕರು ಈ ಲೆಕ್ಕವನ್ನು ತಮ್ಮ ಊರಿಗೆ ಸಮೀಪದ ಘಾಟಿಗೆ ಅನ್ವಯಿಸಿ, ಎತ್ತರ, ದೂರ, ತೂಕಗಳನ್ನು ವಿದ್ಯಾರ್ಥಿಗಳಿಂದಲೇ ಸಂಗ್ರಹಿಸಿ ಮಾಡಿಸಬಹುದು. ಶಕ್ತಿಸಂರಕ್ಷಣೆಯ ನಿಯಮಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯುವುದು ಕಷ್ಟ. ವಿದ್ಯಾರ್ಥಿಗಳ ಮನೆಗಳಲ್ಲಿ ವ್ಯಾನು ನಡೆಸುವವರು ಇದ್ದೇ ಇರುತ್ತಾರೆ. ಕಪ್ಪುಹಲಗೆಯ ಮೇಲಿನ ಈ ಲೆಕ್ಕ ಅವರವರೆಗೆ ತಲಪಿದರೆ ಪಾಠದ ಪ್ರಯೋಜನ ಪೂರ್ಣವಾಗುತ್ತದೆ.