ಸೂಕ್ಷ್ಮದರ್ಶಕದಲ್ಲಿ ಚರ್ಮದ ರಚನೆಗಳ ಗುರುತಿಸುವಿಕೆ

ಸೂಕ್ಷ್ಮದರ್ಶಕದ ಮೂಲಕ ಚರ್ಮದ ಪದರಗಳು, ಗ್ರಂಥಿಗಳು, ರೋಮಕೂಪಗಳು ಹಾಗೂ ನರಗಳನ್ನು ಗುರುತಿಸುವುದು ಅಂಗಾಂಶಶಾಸ್ತ್ರದ ಮೂಲಭೂತ ಅಭ್ಯಾಸಗಳಲ್ಲಿ ಒಂದಾಗಿದೆ. ಮಾನವ ದೇಹದ ನಾಲ್ಕು ಮೂಲ ಅಂಗಾಂಶಗಳಾದ ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ ಅಂಗಾಂಶಗಳು ಚರ್ಮದ ಒಂದೇ ತುಣುಕಿನಲ್ಲಿ ಒಟ್ಟಿಗೆ ದೊರೆಯುತ್ತವೆ. ಈ ಕಾರಣದಿಂದ ವೈದ್ಯಕೀಯ ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿಗಳಲ್ಲಿ ಚರ್ಮದ ಸ್ಲೈಡಿಗೆ ವಿಶೇಷ ಸ್ಥಾನವಿದೆ. ಕುಷ್ಠರೋಗ, ಚರ್ಮದ ಕ್ಯಾನ್ಸರ್ ಮೊದಲಾದ ರೋಗಗಳ ನಿರ್ಣಯವೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಆರೋಗ್ಯವಂತ ಚರ್ಮದಲ್ಲಿ ಯಾವ ರಚನೆ ಎಲ್ಲಿರಬೇಕು ಎಂಬುದು ತಿಳಿಯದಿದ್ದರೆ ಅದು ಅಲ್ಲಿ ಇಲ್ಲದಿರುವುದು ಕಣ್ಣಿಗೆ ಬೀಳುವುದಿಲ್ಲ.

ಸ್ಲೈಡಿನ ತಯಾರಿಕೆ

ದೇಹದಿಂದ ತೆಗೆದ ಚರ್ಮದ ತುಣುಕು ಕೊಳೆಯದಂತೆ ಅದನ್ನು ಫಾರ್ಮಲಿನ್ ದ್ರಾವಣದಲ್ಲಿ ಇಡಲಾಗುತ್ತದೆ. ಬಳಿಕ ಆಲ್ಕೊಹಾಲಿನಿಂದ ನೀರಿನಂಶವನ್ನು ತೆಗೆದು, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್ ಎಂಬ ಯಂತ್ರದಿಂದ ಸುಮಾರು 3ರಿಂದ 5 ಮೈಕ್ರೊಮೀಟರ್ ದಪ್ಪದ ಹಾಳೆಗಳಾಗಿ ಕತ್ತರಿಸುತ್ತಾರೆ. ಈ ಹಾಳೆಗೆ ತನ್ನದೇ ಆದ ಬಣ್ಣ ಇರುವುದಿಲ್ಲವೆಂದೇ ಹೇಳಬಹುದು. ಸಾಮಾನ್ಯವಾಗಿ ಬಳಸುವ ಜೋಡಿ ಬಣ್ಣಗಳೆಂದರೆ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್. ಮಧ್ಯ ಅಮೆರಿಕ ಮೂಲದ ಮರವೊಂದರ ತಿರುಳಿನಿಂದ ದೊರೆಯುವ ಹೆಮಟಾಕ್ಸಿಲಿನ್ ಕೋಶಕೇಂದ್ರಗಳಿಗೆ ನೀಲಿ-ನೇರಳೆ ಬಣ್ಣ ಕೊಡುತ್ತದೆ. ಕೃತಕ ಬಣ್ಣವಾದ ಇಯೋಸಿನ್ ಕೋಶದ್ರವ್ಯಕ್ಕೂ ಕೊಲಾಜೆನ್ ನಾರುಗಳಿಗೂ ಗುಲಾಬಿ ಬಣ್ಣ ಕೊಡುತ್ತದೆ.

ತಯಾರಿಕೆಯ ಹಂತಗಳು ಚಿತ್ರವನ್ನು ಬದಲಿಸುತ್ತವೆ ಎಂಬುದನ್ನು ನೆನಪಿಡಬೇಕು. ಮೇಣ ಹುದುಗಿಸುವ ಮೊದಲು ಬಳಸುವ ದ್ರಾವಕಗಳಲ್ಲಿ ಕೊಬ್ಬು ಕರಗಿಹೋಗುವುದರಿಂದ ಕೊಬ್ಬಿನ ಕೋಶಗಳು ಸ್ಲೈಡಿನಲ್ಲಿ ಬರಿದಾದ ಬಿಳಿ ಪೊಳ್ಳುಗಳಂತೆ ಕಾಣುತ್ತವೆ. ಇಕ್ಕುಳದಿಂದ ಬಿಗಿಯಾಗಿ ಹಿಡಿದ ತುಣುಕಿನಲ್ಲಿ ಕೋಶಕೇಂದ್ರಗಳು ಜಜ್ಜಿ ನೀಲಿ ಗೀರುಗಳಾಗುತ್ತವೆ. ಅಂಥ ಭಾಗದ ಮೇಲೆ ಅಭಿಪ್ರಾಯ ಕೊಡದಿರುವುದೇ ಲೇಸು.

ಮೊದಲ ನೋಟ

ಪರೀಕ್ಷೆಯನ್ನು ಯಾವಾಗಲೂ ಕಡಿಮೆ ವರ್ಧನದಲ್ಲಿ ಆರಂಭಿಸಬೇಕು. ನೇರವಾಗಿ 40 ಪಟ್ಟಿನ ಮಸೂರಕ್ಕೆ ಹೋದವರಿಗೆ ಕೋಶಗಳು ಕಾಣುತ್ತವೆಯೇ ಹೊರತು ಅಂಗಾಂಶ ಕಾಣುವುದಿಲ್ಲ. ಕಡಿಮೆ ವರ್ಧನದಲ್ಲಿ ಚರ್ಮವು ಮೂರು ಪಟ್ಟಿಗಳಾಗಿ ತೋರುತ್ತದೆ. ಮೇಲ್ಗಡೆ ಕೋಶಗಳು ಒತ್ತಾಗಿರುವ ನೀಲಿ ಛಾಯೆಯ ಹೊರಚರ್ಮ, ಅದರ ಕೆಳಗೆ ನಾರುಗಳಿಂದ ತುಂಬಿದ ಗುಲಾಬಿ ಬಣ್ಣದ ಒಳಚರ್ಮ, ಎಲ್ಲಕ್ಕಿಂತ ಕೆಳಗೆ ಬಲೆಯಂತೆ ಕಾಣುವ ಕೊಬ್ಬಿನ ಪದರ. ಹೊರಚರ್ಮ ಮತ್ತು ಒಳಚರ್ಮಗಳ ಗಡಿ ನೇರವಾಗಿರದೆ ಅಲೆಅಲೆಯಾಗಿರುತ್ತದೆ. ಒಳಚರ್ಮದ ಬೆರಳಿನಾಕಾರದ ಉಬ್ಬುಗಳು ಮೇಲಕ್ಕೆ ಚಾಚಿಕೊಂಡು ಹೊರಚರ್ಮದ ತಗ್ಗುಗಳೊಳಗೆ ಕೂರುತ್ತವೆ.

ಅನ್ನನಾಳದ ಒಳಪದರವನ್ನು ಚರ್ಮವೆಂದು ತಿಳಿಯುವುದು ಹೊಸ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಎರಡರಲ್ಲೂ ಚಪ್ಪಟೆ ಕೋಶಗಳ ಹಲವು ಸಾಲುಗಳಿವೆ. ಆದರೆ ಅನ್ನನಾಳದಲ್ಲಿ ಅತ್ಯಂತ ಮೇಲಿನ ಕೋಶಗಳಲ್ಲಿಯೂ ಕೋಶಕೇಂದ್ರ ಉಳಿದಿರುತ್ತದೆ; ಚರ್ಮದ ಮೇಲ್ಮೈಯಲ್ಲಿ ಕೋಶಕೇಂದ್ರವಿಲ್ಲದ ಕೆರಾಟಿನ್ ಪದರವಿರುತ್ತದೆ. ರೋಮಕೂಪ ಅಥವಾ ಬೆವರು ಗ್ರಂಥಿ ಕಂಡರೆ ಸಂಶಯವೇ ಉಳಿಯುವುದಿಲ್ಲ.

ಹೊರಚರ್ಮ

ಹೊರಚರ್ಮದ ಕೋಶಗಳು ತಳದಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತಾ, ಕೆರಾಟಿನ್ ತುಂಬಿಕೊಂಡು ಸತ್ತು ಉದುರುತ್ತವೆ. ಪದರಗಳೆಂದು ಕರೆಯುವುದು ಈ ಪ್ರಯಾಣದ ಹಂತಗಳನ್ನೇ. ತಳಪದರದಲ್ಲಿ ಕಂಬದಾಕಾರದ ಕೋಶಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅದರ ಮೇಲಿನ ಮುಳ್ಳುಪದರದ ಕೋಶಗಳ ನಡುವೆ ಸಣ್ಣ ಮುಳ್ಳುಗಳಂಥ ಗೆರೆಗಳಿವೆ. ಇವು ನಿಜವಾದ ಮುಳ್ಳುಗಳಲ್ಲ. ತಯಾರಿಕೆಯ ವೇಳೆ ಕೋಶಗಳು ಕುಗ್ಗಿದಾಗಲೂ ಒಂದನ್ನೊಂದು ಬಿಡದೆ ಹಿಡಿದಿರುವ ಜೋಡಣೆಯ ಬಿಂದುಗಳು ಹಾಗೆ ತೋರುತ್ತವೆ. ಅನಂತರದ ಕಣಪದರವನ್ನು ಗಾಢ ನೀಲಿ ಕಣಗಳಿಂದ ತಕ್ಷಣ ಗುರುತಿಸಬಹುದು. ಎಲ್ಲಕ್ಕಿಂತ ಮೇಲಿನ ಕೊಂಬುಪದರವು ದೇಹದ ಹೆಚ್ಚಿನ ಭಾಗಗಳಲ್ಲಿ ಸಡಿಲವಾಗಿ ಹೆಣೆದ ಬುಟ್ಟಿಯಂತೆ ಕಾಣುತ್ತದೆ.

ಅಂಗೈ ಮತ್ತು ಅಂಗಾಲಿನ ಚರ್ಮವನ್ನು ‘ದಪ್ಪ ಚರ್ಮ’ ಎಂದು ಪ್ರತ್ಯೇಕವಾಗಿ ವರ್ಗೀಕರಿಸಲಾಗಿದೆ. ಇಲ್ಲಿ ಕೊಂಬುಪದರವೇ ಉಳಿದ ಪದರಗಳೆಲ್ಲದಕ್ಕಿಂತ ದಪ್ಪವಾಗಿ, ಒತ್ತಾಗಿರುತ್ತದೆ. ಅದರ ಕೆಳಗೆ ಗುಲಾಬಿ ಗೆರೆಯಂಥ ತೆಳುವಾದ ಅರೆಪಾರದರ್ಶಕ ಪದರವೊಂದು ಹೆಚ್ಚುವರಿಯಾಗಿ ಕಾಣುತ್ತದೆ. ರೋಮಕೂಪವಾಗಲಿ ತೈಲಗ್ರಂಥಿಯಾಗಲಿ ಇರುವುದಿಲ್ಲ. ಬೆವರು ಗ್ರಂಥಿಗಳು ಮಾತ್ರ ಹೇರಳ. ಆದ್ದರಿಂದ ತುಣುಕು ದೇಹದ ಯಾವ ಭಾಗದ್ದೆಂದು ತಿಳಿಯದೆ ‘ಕೊಂಬುಪದರ ಅಸಹಜವಾಗಿ ದಪ್ಪವಾಗಿದೆ’ ಎಂದು ವರದಿ ಬರೆಯುವುದು ಅರ್ಥಹೀನ. ರೆಪ್ಪೆಯಲ್ಲಿ ರೋಗಲಕ್ಷಣವಾಗುವ ದಪ್ಪ ಅಂಗಾಲಿನಲ್ಲಿ ಸಹಜವೇ ಆಗಿರುತ್ತದೆ.

ತಳಪದರದ ಸಾಲಿನಲ್ಲಿ ಅಲ್ಲಲ್ಲಿ, ಸುತ್ತಲೂ ಬಿಳಿಯ ಉಂಗುರವಿರುವಂತೆ ಕಾಣುವ ಕೋಶಗಳು ಮೆಲನೋಸೈಟುಗಳು. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಇವುಗಳಲ್ಲಿಯೇ ತಯಾರಾಗುತ್ತದೆ. ಕಪ್ಪು ಮೈಬಣ್ಣದವರಲ್ಲಿ ಇವುಗಳ ಸಂಖ್ಯೆ ಹೆಚ್ಚಿರಬೇಕೆಂಬ ಊಹೆ ಸಹಜವಾದರೂ ತಪ್ಪು. ದೇಹದ ಒಂದೇ ಭಾಗವನ್ನು ಹೋಲಿಸಿದರೆ ಎಲ್ಲರಲ್ಲಿಯೂ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಮೆಲನಿನ್ ಕಣಗಳ ಗಾತ್ರ, ಪ್ರಮಾಣ ಮತ್ತು ಹಂಚಿಕೆಯಲ್ಲಿ. ಭಾರತೀಯರ ಚರ್ಮದ ಸ್ಲೈಡುಗಳಲ್ಲಿ ತಳಪದರದುದ್ದಕ್ಕೂ ಕಂದು ಬಣ್ಣದ ಕಣಗಳು ಕಾಣುವುದು ಸಹಜ ಸ್ಥಿತಿ. ಬಿಳಿಯರ ಚರ್ಮದ ಚಿತ್ರಗಳಿಂದ ಕಲಿತ ವಿದ್ಯಾರ್ಥಿ ಇದನ್ನು ರೋಗವೆಂದು ಭಾವಿಸುವ ಸಂಭವವಿದೆ.

ಮುಳ್ಳುಪದರದಲ್ಲಿ ಮಸುಕಾಗಿ ಕಾಣುವ ಲ್ಯಾಂಗರ್‌ಹಾನ್ಸ್ ಕೋಶಗಳನ್ನು 1868ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಬರ್ಲಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ವಿವರಿಸಿದರು. ಚಿನ್ನದ ಕ್ಲೋರೈಡಿನಿಂದ ಬಣ್ಣ ಹಿಡಿದ ಆ ಕವಲೊಡೆದ ಕೋಶಗಳನ್ನು ಅವರು ನರಕೋಶಗಳೆಂದು ಭಾವಿಸಿದ್ದರು. ಅವು ರೋಗನಿರೋಧಕ ವ್ಯವಸ್ಥೆಗೆ ಸೇರಿದವು ಎಂಬುದು ಸ್ಪಷ್ಟವಾಗಲು ಸುಮಾರು ನೂರು ವರ್ಷಗಳೇ ಬೇಕಾದವು.

ಒಳಚರ್ಮ ಮತ್ತು ಅದರೊಳಗಿನ ರಚನೆಗಳು

ಒಳಚರ್ಮದ ಮೇಲ್ಭಾಗದಲ್ಲಿ ಕೊಲಾಜೆನ್ ನಾರುಗಳು ತೆಳುವಾಗಿಯೂ ಸಡಿಲವಾಗಿಯೂ, ಕೆಳಭಾಗದಲ್ಲಿ ದಪ್ಪ ಹುರಿಗಳಂತೆಯೂ ಇರುತ್ತವೆ. ಚರ್ಮಕ್ಕೆ ಹಿಗ್ಗುವ ಗುಣ ಕೊಡುವ ಇಲಾಸ್ಟಿನ್ ನಾರುಗಳು ಸಾಮಾನ್ಯ ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಅವುಗಳನ್ನು ಕಪ್ಪಾಗಿ ತೋರಿಸುವ ವಿಶೇಷ ಬಣ್ಣಗಳಿವೆ.

ಗುರುತಿಸುವಿಕೆಯ ನಿಜವಾದ ಕಷ್ಟ ಆರಂಭವಾಗುವುದು ಇಲ್ಲಿ. ಸ್ಲೈಡಿನಲ್ಲಿರುವುದು ಮೂರು ಆಯಾಮದ ವಸ್ತುವಿನ ಒಂದು ಸೀಳು ಮಾತ್ರ. ಉದ್ದವಾದ ರೋಮಕೂಪವು ಅಡ್ಡ ಕತ್ತರಿಸಿದಾಗ ಉಂಗುರದೊಳಗೆ ಉಂಗುರವಿರುವ ವೃತ್ತವಾಗುತ್ತದೆ, ಓರೆಯಾಗಿ ಕತ್ತರಿಸಿದಾಗ ಮೊಟ್ಟೆಯಾಕಾರವಾಗುತ್ತದೆ. ಸುರುಳಿ ಸುತ್ತಿದ ಬೆವರು ಗ್ರಂಥಿಯ ಒಂದೇ ಕೊಳವೆ ಹಲವು ಬಾರಿ ಕತ್ತರಿಸಲ್ಪಟ್ಟು, ಹತ್ತಾರು ಚಿಕ್ಕ ಕೊಳವೆಗಳ ಗುಂಪಿನಂತೆ ಕಾಣುತ್ತದೆ. ಆ ಗುಂಪಿನಲ್ಲಿ ಮಸುಕಾದ, ದೊಡ್ಡ ಕೋಶಗಳಿರುವ ಭಾಗ ಬೆವರನ್ನು ಸ್ರವಿಸುವಂಥದ್ದು. ಚಿಕ್ಕ ಕೋಶಗಳು ಎರಡು ಸಾಲಾಗಿ ಒತ್ತಿಕೊಂಡು ಗಾಢವಾಗಿ ಕಾಣುವುದು ಅದನ್ನು ಹೊರಸಾಗಿಸುವ ನಾಳ. ನಾಳವನ್ನು ರಕ್ತನಾಳವೆಂದು ಭ್ರಮಿಸಿದರೆ ಒಳಗೆ ಕೆಂಪು ರಕ್ತಕಣಗಳಿವೆಯೇ, ಗೋಡೆಯ ಒಳಮೈಯಲ್ಲಿ ಚಪ್ಪಟೆ ಕೋಶಗಳಿವೆಯೇ ಎಂದು ನೋಡಬೇಕು. ಕಂಕುಳು ಮತ್ತು ತೊಡೆಸಂದಿನಲ್ಲಿ ಇನ್ನೊಂದು ಬಗೆಯ ಬೆವರು ಗ್ರಂಥಿಗಳಿದ್ದು, ಅವುಗಳ ಒಳಗಿನ ಅವಕಾಶ ಬಹಳ ಅಗಲವಾಗಿರುತ್ತದೆ.

ತೈಲಗ್ರಂಥಿಗಳು ಸಾಮಾನ್ಯವಾಗಿ ರೋಮಕೂಪಕ್ಕೆ ಅಂಟಿಕೊಂಡಿರುತ್ತವೆ. ಇವುಗಳ ಕೋಶಗಳು ನೊರೆ ತುಂಬಿದಂತಿದ್ದು, ಕೋಶಕೇಂದ್ರ ನಡುವೆ ಇರುತ್ತದೆ. ಕೊಬ್ಬಿನ ಕೋಶದಲ್ಲಿಯಾದರೋ ಒಂದೇ ದೊಡ್ಡ ಪೊಳ್ಳಿದ್ದು, ಕೋಶಕೇಂದ್ರ ಅಂಚಿಗೆ ಒತ್ತಲ್ಪಟ್ಟು ಉಂಗುರದ ಹರಳಿನಂತೆ ಕಾಣುತ್ತದೆ.

ಕೂದಲನ್ನು ನಿಮಿರಿಸುವ ಸಣ್ಣ ಸ್ನಾಯುವನ್ನೂ ನರವನ್ನೂ ಬೇರ್ಪಡಿಸಿ ಗುರುತಿಸುವುದು ಅನುಭವ ಬೇಡುವ ಕೆಲಸ. ಎರಡೂ ಗುಲಾಬಿ ಬಣ್ಣದ ಉದ್ದ ಕಟ್ಟುಗಳೇ. ಸ್ನಾಯುವಿನ ಬಣ್ಣ ಹೆಚ್ಚು ಗಾಢ; ಅದರ ಕೋಶಕೇಂದ್ರಗಳು ತುದಿ ಮೊಂಡಾದ ಸಿಗಾರಿನಂತಿರುತ್ತವೆ. ನರದ ಕಟ್ಟು ಅಲೆಅಲೆಯಾಗಿ ಸಾಗುತ್ತದೆ. ಅದರ ಕೋಶಕೇಂದ್ರಗಳು ತೆಳುವಾಗಿ, ತುದಿ ಚೂಪಾಗಿ, ಬಾಗಿರುತ್ತವೆ. ತೆಳುವಾದ ಕವಚವೊಂದು ಕಟ್ಟನ್ನು ಸುತ್ತಿರುತ್ತದೆ. ಬೆರಳ ತುದಿಯ ಚರ್ಮದಲ್ಲಿ, ಒಳಚರ್ಮದ ಉಬ್ಬುಗಳೊಳಗೆ ಮೈಸ್ನರ್ ಕಣಗಳೆಂಬ ಸ್ಪರ್ಶಗ್ರಾಹಿಗಳಿವೆ. ಆಳದಲ್ಲಿ, ಅಡ್ಡ ಕತ್ತರಿಸಿದ ಈರುಳ್ಳಿಯಂತೆ ಕಾಣುವುವು ಪ್ಯಾಚಿನಿ ಕಣಗಳು. ಸ್ಲೈಡಿನಲ್ಲಿ ಇವು ಸಿಕ್ಕರೆ ಗುರುತಿಸದೆ ಬಿಡುವವರು ಕಡಿಮೆ.

ರೋಗನಿರ್ಣಯದಲ್ಲಿ ಮಹತ್ವ

ಕುಷ್ಠರೋಗದ ನಿರ್ಣಯದಲ್ಲಿ ನರವನ್ನು ಗುರುತಿಸುವ ಸಾಮರ್ಥ್ಯವೇ ನಿರ್ಣಾಯಕವಾಗುತ್ತದೆ. 1873ರಲ್ಲಿ ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸನ್ ಪತ್ತೆಹಚ್ಚಿದ ಬ್ಯಾಕ್ಟೀರಿಯದಿಂದ ಬರುವ ಈ ರೋಗದ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗಲೂ ಭಾರತದಲ್ಲಿಯೇ ವರದಿಯಾಗುತ್ತವೆ. ರೋಗದ ಕ್ಷಯಸದೃಶ ರೂಪದಲ್ಲಿ ಉರಿಯೂತದ ಕೋಶಗಳು ಗಂಟುಗಂಟಾಗಿ ನರಗಳ ಜಾಡು ಹಿಡಿದು ಹಬ್ಬುತ್ತವೆ. ಬ್ಯಾಕ್ಟೀರಿಯ ಬಹಳ ವಿರಳವಾಗಿದ್ದು, ಎಷ್ಟು ಹುಡುಕಿದರೂ ಸಿಗದಿರಬಹುದು. ಚರ್ಮದ ಕ್ಷಯ ಮತ್ತು ಸಾರ್ಕಾಯ್ಡೋಸಿಸ್ ರೋಗಗಳಲ್ಲಿಯೂ ಇಂಥ ಗಂಟುಗಳೇ ಕಾಣುತ್ತವೆ. ಇವುಗಳಿಂದ ಕುಷ್ಠವನ್ನು ಪ್ರತ್ಯೇಕಿಸುವ ಪ್ರಬಲ ಸುಳಿವೆಂದರೆ ನರ ಊದಿಕೊಂಡಿರುವುದು ಅಥವಾ ಗಂಟಿನೊಳಗೆ ನಾಶವಾಗಿರುವುದು. ನರದ ಅವಶೇಷವನ್ನು ಪರೀಕ್ಷಕರು ಸ್ನಾಯುವೆಂದೋ ನಾರೆಂದೋ ತಿಳಿದು ಮುಂದೆ ಹೋದರೆ ರೋಗ ಕೈತಪ್ಪುತ್ತದೆ. ಔಷಧಿಯಿಂದ ಬ್ಯಾಕ್ಟೀರಿಯ ಸಾಯುತ್ತದೆ, ಆದರೆ ಪೂರ್ಣವಾಗಿ ನಾಶವಾದ ನರ ಮರಳಿ ಬರುವುದಿಲ್ಲ. ನಿರ್ಣಯ ತಡವಾದಷ್ಟೂ ಕೈಕಾಲಿನ ಸ್ಪರ್ಶಜ್ಞಾನ ಶಾಶ್ವತವಾಗಿ ಹೋಗುವ ಅಪಾಯ ಹೆಚ್ಚು.

ರೋಗದ ಇನ್ನೊಂದು ತುದಿಯಾದ ಲೆಪ್ರೊಮ್ಯಾಟಸ್ ರೂಪದಲ್ಲಿ ಹೊರಚರ್ಮ ತೆಳುವಾಗಿ ಚಪ್ಪಟೆಯಾಗಿರುತ್ತದೆ. ಅದರ ಕೆಳಗೆ ರೋಗ ತಲುಪದ ತೆಳುವಾದ ಗುಲಾಬಿ ಪಟ್ಟಿಯೊಂದು ಉಳಿದು, ಅದಕ್ಕೂ ಕೆಳಗೆ ನೊರೆ ತುಂಬಿದಂಥ ಕೋಶಗಳು ಹರಡಿರುತ್ತವೆ. ಮೇಲ್ನೋಟಕ್ಕೆ ತೈಲಗ್ರಂಥಿಯ ಕೋಶಗಳನ್ನು ನೆನಪಿಸುವ ಇವು ವಾಸ್ತವವಾಗಿ ಬ್ಯಾಕ್ಟೀರಿಯಗಳನ್ನು ನುಂಗಿರುವ ಭಕ್ಷಕ ಕೋಶಗಳು. ಫೈಟ್ ವಿಧಾನದ ಬಣ್ಣ ಹಾಕಿದಾಗ ಅವುಗಳೊಳಗೆ ಕೆಂಪು ಕಡ್ಡಿಗಳ ಗೊಂಚಲುಗಳು ಕಾಣುತ್ತವೆ.

ಮೆಲನೋಸೈಟುಗಳಿಂದ ಹುಟ್ಟುವ ಕ್ಯಾನ್ಸರಾದ ಮೆಲನೋಮದಲ್ಲಿ ರೋಗಿಯ ಮುಂದಿನ ಸ್ಥಿತಿಯನ್ನು ಅಂದಾಜಿಸುವುದು ಗಡ್ಡೆಯ ದಪ್ಪದಿಂದ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಸೂಚಿಸಿದ ಈ ಅಳತೆಯನ್ನು ಕಣಪದರದ ಮೇಲಂಚಿನಿಂದ ಅತ್ಯಂತ ಆಳದ ಕ್ಯಾನ್ಸರ್ ಕೋಶದವರೆಗೆ ಮಿಲಿಮೀಟರುಗಳಲ್ಲಿ ತೆಗೆಯಲಾಗುತ್ತದೆ. ಕೊಂಬುಪದರದ ದಪ್ಪ ದೇಹದ ಭಾಗದಿಂದ ಭಾಗಕ್ಕೆ ಬದಲಾಗುವುದರಿಂದ ಅದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಮೆಲನೋಮ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ ಮತ್ತು ಉಗುರಿನ ಬುಡದಲ್ಲಿ. ಹೀಗಾಗಿ ಕೊಂಬುಪದರವನ್ನು ಬಿಡುವ ಈ ನಿಯಮ ಅವರ ಮಟ್ಟಿಗೆ ಇನ್ನಷ್ಟು ಮುಖ್ಯ. 1 ಮಿಲಿಮೀಟರಿನ ಆಚೀಚೆ ಚಿಕಿತ್ಸೆಯ ನಿರ್ಧಾರಗಳೇ ಬದಲಾಗುತ್ತವೆ. ತುಣುಕು ಓರೆಯಾಗಿ ಕತ್ತರಿಸಲ್ಪಟ್ಟಿದ್ದರೆ ಗಡ್ಡೆಯ ದಪ್ಪ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ.

ಓರೆ ಕತ್ತರಿಕೆಯಿಂದ ಇನ್ನೊಂದು ಗೊಂದಲವೂ ಉಂಟಾಗುತ್ತದೆ. ಹೊರಚರ್ಮದ ಕೆಳಚಾಚುಗಳು ಮೇಲ್ಭಾಗದಿಂದ ಬೇರ್ಪಟ್ಟು ಒಳಚರ್ಮದಲ್ಲಿ ತೇಲುವ ದ್ವೀಪಗಳಂತೆ ಕಂಡು, ಕ್ಯಾನ್ಸರ್ ಕೆಳಕ್ಕೆ ನುಗ್ಗಿದೆಯೆಂಬ ಭ್ರಮೆ ಹುಟ್ಟಿಸುತ್ತವೆ. ಮೂಗಿನ ಚರ್ಮದಲ್ಲಿ ರೋಮಕೂಪದ ಬುಡ ಕತ್ತರಿಸಲ್ಪಟ್ಟಾಗ ಸಿಗುವ ನೀಲಿ ಗುಂಪನ್ನು ತಳಕೋಶದ ಕ್ಯಾನ್ಸರೆಂದು ಭಾವಿಸುವ ಸಾಧ್ಯತೆಯಿದೆ, ಏಕೆಂದರೆ ಎರಡರಲ್ಲಿಯೂ ಅಂಚಿನ ಕೋಶಗಳು ಬೇಲಿಯಂತೆ ಸಾಲಾಗಿ ನಿಲ್ಲುತ್ತವೆ. ಕ್ಯಾನ್ಸರಿನ ಗುಂಪಿನ ಸುತ್ತ ಹೆಚ್ಚಾಗಿ ಬಿರುಕಿನಂಥ ಬಿಳಿ ಅಂತರವಿರುತ್ತದೆ. ಸಹಜ ರೋಮಕೂಪದ ಸುತ್ತ ನಾರಿನ ಕವಚ ಇರುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಅದೇ ಮೇಣದ ಅಚ್ಚಿನಿಂದ ಇನ್ನೂ ಆಳದ ಹಾಳೆಗಳನ್ನು ಕತ್ತರಿಸಿ ನೋಡುವುದು ರೂಢಿ. ಮುಂದಿನ ಹಾಳೆಗಳಲ್ಲಿ ಆ ಗುಂಪು ಕೂದಲೊಂದಕ್ಕೆ ಸೇರಿಕೊಂಡರೆ ಅದು ರೋಮಕೂಪವೇ ಸರಿ.

ಮೆಲನೋಸೈಟ್ ಮತ್ತು ನರಗಳನ್ನು ಎತ್ತಿ ತೋರಿಸಲು ಎಸ್-100 ಪ್ರೋಟೀನಿನ ಪ್ರತಿಕಾಯಗಳನ್ನೂ ಲ್ಯಾಂಗರ್‌ಹಾನ್ಸ್ ಕೋಶಗಳಿಗೆ ಸಿಡಿ1ಎ ಪ್ರತಿಕಾಯವನ್ನೂ ಬಳಸುವ ವಿಧಾನಗಳು ಈಗ ಬಳಕೆಯಲ್ಲಿವೆ. ಕುಷ್ಠದ ಗಂಟಿನೊಳಗೆ ಚೂರುಚೂರಾದ ನರದ ಅವಶೇಷಗಳು ಸಾಮಾನ್ಯ ಬಣ್ಣದಲ್ಲಿ ಕಾಣದಿದ್ದಾಗ ಎಸ್-100 ಅವುಗಳನ್ನು ಕಂದು ತುಣುಕುಗಳಾಗಿ ತೋರಿಸಬಲ್ಲದು.