ಪಂಪ್ ಸ್ಟೌಗೆ ಮರುಜೀವ

ಅಡುಗೆ ಅನಿಲ ಮನೆಮನೆಗೆ ಬರುವ ಮುನ್ನ ನಮ್ಮ ಪಟ್ಟಣಗಳ ಎಷ್ಟೋ ಅಡುಗೆಮನೆಗಳಲ್ಲಿ ಬೆಳಗಾಗುತ್ತಿದ್ದುದು ಪಂಪ್ ಸ್ಟೌನ 'ಬುಸ್' ಎಂಬ ಸದ್ದಿನಿಂದ. ಸೌದೆ ಒಲೆಯ ಹೊಗೆಯಿಂದ ಬಿಡುಗಡೆ ಕೊಟ್ಟ ಈ ಹಿತ್ತಾಳೆ ಸ್ಟೌ ಇಂದು ಅಟ್ಟ ಸೇರಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅದು ಮತ್ತೆ ಹೊಳೆಯುತ್ತದೆ. ಆದರೆ ಮತ್ತೆ ಉರಿಯಬೇಕಾದರೆ ಕೆಲವು ಪುಟ್ಟ ಬಿಡಿಭಾಗಗಳು ಬೇಕು.

ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ಇದನ್ನು ರೂಪಿಸಿದ. 'ಪ್ರೈಮಸ್' ಎಂಬ ಹೆಸರಿನಲ್ಲಿ ಅದು ಜಗತ್ತನ್ನು ಸುತ್ತಿತು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ತಂಡದ ಸಾಮಾನಿನಲ್ಲೂ ಪ್ರೈಮಸ್ ಇತ್ತು.

ಇದರ ತತ್ವ ಸರಳ. ಪಂಪ್ ಹೊಡೆದಾಗ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಹೆಚ್ಚಿ, ಸೀಮೆಎಣ್ಣೆ ಕೊಳವೆಯ ಮೂಲಕ ಬರ್ನರ್‌ಗೆ ಏರುತ್ತದೆ. ಮೊದಲೇ ಸ್ಪಿರಿಟ್ ಉರಿಸಿ ಬರ್ನರನ್ನು ಕಾಯಿಸಿರುವುದರಿಂದ ಎಣ್ಣೆ ಅಲ್ಲಿ ಆವಿಯಾಗುತ್ತದೆ. ಆ ಆವಿ ನಿಪ್ಪಲ್‌ನ ಕೂದಲೆಳೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿ ಜ್ವಾಲೆಯಾಗುತ್ತದೆ.

ಕೆಟ್ಟದ್ದು ಯಾವ ಭಾಗ ಎಂಬುದನ್ನು ಸ್ಟೌ ತಾನೇ ಹೇಳುತ್ತದೆ. ಪಂಪ್ ಹೊಡೆದರೂ ಬಿಗಿ ಬಾರದಿದ್ದರೆ ಚರ್ಮದ ವಾಷರ್ ಒಣಗಿದೆಯೆಂದೇ ಅರ್ಥ. ಎಣ್ಣೆಯಲ್ಲಿ ನೆನೆಸಿದರೆ ಅದು ಮೆತ್ತಗಾಗಿ ಕೆಲಸಕ್ಕೆ ಬರಬಹುದು. ಸವೆದಿದ್ದರೆ ಬದಲಾಯಿಸಬೇಕು, ಬಟ್ಟಲಿನಂತಿರುವ ಅದರ ಬಾಯಿ ಟ್ಯಾಂಕಿನ ಕಡೆಗಿರಬೇಕು. ಪಂಪ್ ಹಿಡಿಕೆ ತಾನಾಗಿ ಮೇಲೇಳುತ್ತಿದ್ದರೆ ಪಂಪ್‌ನ ತಳದಲ್ಲಿರುವ ವಾಲ್ವ್ ಸೋತಿದೆ. ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ, ಪಿನ್ನು ಚುಚ್ಚಿ ಚುಚ್ಚಿ ನಿಪ್ಪಲ್‌ನ ರಂಧ್ರ ಅಗಲವಾಗಿರುವ ಸಂಭವವುಂಟು. ಇದಕ್ಕೆ ಹೊಸ ನಿಪ್ಪಲ್ಲೇ ಮದ್ದು.

ಬೀದಿಯಲ್ಲಿ 'ಸ್ಟೌ ರಿಪೇರಿ' ಎಂದು ಕೂಗುತ್ತ ಬರುವವರು ಈಗ ಅಪರೂಪ. ಬಿಡಿಭಾಗ ಬೇಕಾದವರು ಹಳೆಪೇಟೆಯ ಹಾರ್ಡ್‌ವೇರ್ ಅಂಗಡಿ, ಗುಜರಿ ಮತ್ತು ಸಂತೆಗಳನ್ನು ಜಾಲಾಡಬೇಕು. ಎಲ್ಲ ಸ್ಟೌಗಳ ಅಳತೆ ಒಂದೇ ಅಲ್ಲ. ಹಳೆಯ ಭಾಗವನ್ನು ಬಿಚ್ಚಿ ಮಾದರಿಗೆ ಕೊಂಡೊಯ್ಯುವುದು ಲೇಸು. ವಾಷರನ್ನು ಚರ್ಮದಲ್ಲಿ ಕತ್ತರಿಸಿ ಮಾಡಿಕೊಳ್ಳಬಹುದು. ಗ್ಯಾಸ್‌ಲೈಟ್ ಎಂದು ಕರೆಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ್ದೂ ಇದೇ ತತ್ವವಾದ್ದರಿಂದ, ಅದನ್ನು ರಿಪೇರಿ ಮಾಡುವವರಿಗೆ ಸ್ಟೌ ಹೊಸದಲ್ಲ.

ಈ ಪುಟ್ಟ ಭಾಗಗಳ ತಿಳಿವಳಿಕೆ ಅಡುಗೆಗಷ್ಟೇ ಸಂಬಂಧಿಸಿದ್ದಲ್ಲ. 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ ನೆನಪು ಹಲವರಿಗಿದೆ. ಉರಿಯುವ ಸ್ಟೌಗೆ ಎಣ್ಣೆ ಸುರಿದು, ಪೆಟ್ರೋಲ್ ಬೆರೆತ ಎಣ್ಣೆ ಬಳಸಿ, ನಿಪ್ಪಲ್ ಕಟ್ಟಿಕೊಂಡರೂ ಪಂಪ್ ಹೊಡೆಯುತ್ತಲೇ ಹೋಗಿ ನಿಜವಾಗಿಯೂ ಅನಾಹುತಗಳಾಗಿವೆ. ಆದರೆ ಆ ಸುದ್ದಿಗಳ ಹಿಂದೆ ವರದಕ್ಷಿಣೆಯ ಕೊಲೆಗಳೂ ಅಡಗಿದ್ದವು. ಟ್ಯಾಂಕ್ ಬಿರಿಯದೆ, ಬೆಸುಗೆ ಬಿಡದೆ, ಬರ್ನರ್ ಕದಲದೆ ಸ್ಟೌ ಸಿಡಿಯುವುದಾದರೂ ಹೇಗೆ? ಸುಟ್ಟವಳು ಮಾತಾಡಲಾಗದಿದ್ದಾಗ ಮೂಲೆಯಲ್ಲಿ ಇದ್ದಂತೆಯೇ ಇದ್ದ ಸ್ಟೌ ಸಾಕ್ಷಿ ಹೇಳಬಲ್ಲದು. ಮದುವೆಯಾದ 7 ವರ್ಷದೊಳಗೆ ವರದಕ್ಷಿಣೆ ಕಿರುಕುಳದ ಹಿನ್ನೆಲೆಯಲ್ಲಿ ಸಂಭವಿಸುವ ಅಸಹಜ ಸಾವಿಗಾಗಿ 1986ರಲ್ಲಿ ಭಾರತೀಯ ದಂಡ ಸಂಹಿತೆಗೆ 304-ಬಿ ಕಲಂ ಸೇರಿತು. 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ.

ಹಳೆಯ ಸ್ಟೌ ಹಚ್ಚಬೇಕೆನ್ನುವವರು ಮೊದಲು ಟ್ಯಾಂಕಿನ ತಳ, ಬೆಸುಗೆಗಳನ್ನು ನೋಡಬೇಕು. ಬಿರುಕು ಕಂಡರೆ ಅಂಥ ಸ್ಟೌ ಅಲಂಕಾರಕ್ಕಷ್ಟೇ ಸಾಕು. ಬಿರುಕಿಲ್ಲದಿದ್ದರೆ, ಬೆಂಕಿ ಹಚ್ಚುವ ಮುನ್ನ ಪಂಪ್ ಹೊಡೆದು, ಕೀಲುಗಳಿಗೆ ಸೋಪಿನ ನೀರು ಸವರಬೇಕು. ಗುಳ್ಳೆ ಎದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಎಣ್ಣೆಯನ್ನು ಮುಕ್ಕಾಲು ಟ್ಯಾಂಕಿಗಿಂತ ಹೆಚ್ಚು ತುಂಬಬಾರದು. ಸ್ಟೌ ಪೂರ್ತಿ ಆರಿ ತಣ್ಣಗಾಗುವವರೆಗೆ ಮತ್ತೆ ಸುರಿಯಲೂಬಾರದು. ಒತ್ತಡ ಇಳಿಸುವ ತಿರುಪು ಸಲೀಸಾಗಿ ತಿರುಗುತ್ತದೆಯೇ ಎಂದು ಹಚ್ಚುವ ಮೊದಲೇ ನೋಡಿಕೊಳ್ಳಬೇಕು. ಏಕೆಂದರೆ ಈ ಸ್ಟೌ ಆರಿಸಲು ಇರುವ ದಾರಿ ಅದೊಂದೇ.